ತಿಪ್ಪೆಯಲ್ಲಿ ದೊರೆತ ಸುವಾರ್ತೆ

ಕೈರೋ ನಗರವನ್ನು ಬಿಟ್ಟು ನೈಲ್ ನದಿಯ ದಂಡೆ ಹಿಡಿದು ದಕ್ಷಿಣಾಭಿಮುಖವಾಗಿ ಸಾಗುವ ಪ್ರವಾಸಿಗರಲ್ಲಿ ಹೆಚ್ಚಿನವರು ಲಕ್ಸರಿನ ದೇವಾಲಯಗಳನ್ನೂ ದೊರೆಗಳ ಕಣಿವೆಯನ್ನೂ ಕಾಣುವ ಆತುರದಲ್ಲಿರುತ್ತಾರೆ. ನಡುದಾರಿಯಲ್ಲಿ ಬೆನಿ ಮಜಾರ್ ಎಂಬ ಊರು ಬಂದುದಾಗಲಿ ಹೋದುದಾಗಲಿ ಅವರ ಗಮನಕ್ಕೆ ಬರುವುದಿಲ್ಲ. ಅಲ್ಲಿ ಇಳಿದು ಪಶ್ಚಿಮಕ್ಕೆ ತಿರುಗಿ, ಹಸುರು ಹೊಲಗಳ ನಡುವಣ ದಾರಿಯಲ್ಲಿ ಕೆಲವು ಮೈಲಿ ಸಾಗಿದರೆ ‘ಬಹರ್ ಯೂಸುಫ್’ ಎಂಬ ನೀರಿನ ಹರವು ಎದುರಾಗುತ್ತದೆ. ನೈಲಿನಿಂದ ಕವಲೊಡೆದು, ಅದರ ಪಕ್ಕದಲ್ಲಿಯೇ ಉತ್ತರಕ್ಕೆ ಹರಿದು, ಫಯ್ಯೂಮ್ ತಗ್ಗಿಗೆ ನೀರೂಡುವ ಈ ಕಾಲುವೆಗೆ ಕನಸುಗಳ ಅರ್ಥ ಬಲ್ಲ ಯೋಸೇಫನ ಹೆಸರನ್ನು ಜನ ಇಟ್ಟಿದ್ದಾರೆ. ಅದರ ಆಚೆಯ ದಂಡೆಯ ಮೇಲೆ ಬಹ್ನಸಾ ಎಂಬ ಊರು. ಊರಿನ ಬೆನ್ನಿಗೆ ಹೊಲಗಳು ಗೆರೆ ಎಳೆದಂತೆ ಮುಗಿದುಹೋಗುತ್ತವೆ. ಅಲ್ಲಿಂದ ಮುಂದೆ ಕಣ್ಣು ಹಾಯ್ದಷ್ಟು ದೂರವೂ ಮರಳು.

ಇಲ್ಲಿ ತಲೆಯೆತ್ತಿ ನೋಡಬೇಕಾದ ಗೋಪುರಗಳಿಲ್ಲ, ಪಿರಮಿಡ್ಡುಗಳಿಲ್ಲ. ಬಿಳಿಯ ಗುಮ್ಮಟಗಳನ್ನು ಹೊತ್ತ ಗೋರಿಗಳಿವೆ. ಪ್ರವಾದಿಯ ಸಂಗಡಿಗರಲ್ಲಿ ಅನೇಕರು ಇಲ್ಲಿ ಮಣ್ಣಾಗಿದ್ದಾರೆಂದು ನಂಬುವ ಮುಸಲ್ಮಾನರಿಗೆ ಇದು ಯಾತ್ರಾಸ್ಥಳ. ಹಸುಗೂಸಾದ ಯೇಸುವನ್ನು ಎತ್ತಿಕೊಂಡು ಈಜಿಪ್ಟಿಗೆ ಓಡಿಬಂದ ಮರಿಯಳೂ ಯೋಸೇಫನೂ ಈ ನೆಲದಲ್ಲಿ ತಂಗಿದ್ದರೆಂಬುದು ಕಾಪ್ಟಿಕ್ ಕ್ರೈಸ್ತರ ಐತಿಹ್ಯ. ಇವೆರಡನ್ನೂ ಕಂಡು ಕೈಮುಗಿದವನು ಊರಿನ ಅಂಚಿಗೆ ಬಂದರೆ, ಮಡಕೆಯ ಚೂರುಗಳು ಚೆಲ್ಲಾಡಿದ ಮಣ್ಣಿನ ದಿಬ್ಬಗಳನ್ನು ಕಾಣುತ್ತಾನೆ. ಅಗೆದು ಬಗೆದು ಬಿಟ್ಟ ಈ ದಿಬ್ಬಗಳು ಮತ್ತಾವುವೂ ಅಲ್ಲ, ಹಿಂದೆ ಇಲ್ಲಿ ಬಾಳಿದ ಮಹಾಪಟ್ಟಣದ ತಿಪ್ಪೆಗಳು. ಬಹ್ನಸಾದ ಹೆಸರನ್ನು ಜಗತ್ತಿನ ವಿದ್ವಾಂಸರ ನಾಲಗೆಯ ಮೇಲೆ ನಿಲ್ಲಿಸಿದ್ದು ಗೋರಿಗಳೂ ಅಲ್ಲ, ಗುಡಿಗಳೂ ಅಲ್ಲ, ಈ ತಿಪ್ಪೆಗಳು.

ಮೀನಿನ ಹೆಸರಿನ ಪಟ್ಟಣ

ಗ್ರೀಕರ ಕಾಲದಲ್ಲಿ ಈ ಊರಿಗೆ ಆಕ್ಸಿರಿಂಕಸ್ ಎಂಬ ಹೆಸರು. ಅದರ ಅರ್ಥ ‘ಚೂಪು ಮೂತಿಯದು’. ನೈಲಿನಲ್ಲಿ ವಾಸಿಸುವ ಒಂದು ಬಗೆಯ ಚೂಪುಮೂತಿಯ ಮೀನು ಈ ಊರಿನವರಿಗೆ ಪೂಜ್ಯವಾಗಿತ್ತು. ನೆರೆಯ ನಾಯಿಪಟ್ಟಣದವರು ಆ ಮೀನನ್ನು ತಿಂದರೆಂದು ಇವರಿಗೆ ಸಿಟ್ಟು ಬಂದು, ಅವರಿಗೆ ದೇವರಾಗಿದ್ದ ನಾಯಿಗಳನ್ನು ಹಿಡಿದು ಕೊಂದು ತಿಂದುಬಿಟ್ಟರಂತೆ. ಎರಡು ಊರುಗಳ ನಡುವೆ ಯುದ್ಧವೇ ಆಗಿ, ಕೊನೆಗೆ ರೋಮನರು ಬಂದು ಇಬ್ಬರನ್ನೂ ದಂಡಿಸಬೇಕಾಯಿತೆಂದು ಪ್ಲುಟಾರ್ಕನು ಬರೆದಿಟ್ಟಿದ್ದಾನೆ.

ರೋಮನ್ ಆಳ್ವಿಕೆಯಲ್ಲಿ ಪಟ್ಟಣ ಸಮೃದ್ಧವಾಗಿತ್ತು. ಸಾವಿರಾರು ಜನ ಕುಳಿತು ನಾಟಕ ನೋಡಬಹುದಾದ ರಂಗಮಂದಿರವಿತ್ತು. ಸ್ನಾನಗೃಹಗಳು, ಸಂತೆಕಟ್ಟೆಗಳು, ಹಲವು ದೇವರ ಗುಡಿಗಳು ಇದ್ದುವು. ಕಾಲ ತಿರುಗಿತು. ನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೆ ಇಲ್ಲಿಗೆ ಬಂದ ಕ್ರೈಸ್ತ ಯಾತ್ರಿಕರು ಹನ್ನೆರಡು ಚರ್ಚುಗಳನ್ನೂ, ಗೃಹಸ್ಥರಿಗಿಂತ ಹೆಚ್ಚು ಸಂನ್ಯಾಸಿಗಳನ್ನೂ ಕಂಡರು. ಹತ್ತು ಸಾವಿರ ಸಂನ್ಯಾಸಿಗಳು, ಇಪ್ಪತ್ತು ಸಾವಿರ ಸಂನ್ಯಾಸಿನಿಯರು ಎಂಬುದು ಅವರು ಕೊಟ್ಟ ಲೆಕ್ಕ. ಯಾತ್ರಿಕರ ಉತ್ಸಾಹಕ್ಕೆ ಸ್ವಲ್ಪ ಕಳೆದರೂ, ಮೀನಿನ ಪಟ್ಟಣ ಮಠಗಳ ಪಟ್ಟಣವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಏಳನೆಯ ಶತಮಾನದಲ್ಲಿ ಅರಬರ ಆಳ್ವಿಕೆ ಬಂದಿತು. ಮುಂದಿನ ಶತಮಾನಗಳಲ್ಲಿ ಪಟ್ಟಣ ಕ್ರಮೇಣ ಕುಗ್ಗಿತು. ಕಟ್ಟಡಗಳ ಕಲ್ಲನ್ನು ಬೇರೆ ಕಟ್ಟಡಗಳಿಗೆಂದು ಜನ ಹೊತ್ತೊಯ್ದರು. ಯಾರಿಗೂ ಬೇಡವಾದ ಕಸ ಮಾತ್ರ ಇದ್ದಲ್ಲಿಯೇ ಉಳಿಯಿತು.

ಮಳೆ ಬಾರದ ನೆಲದ ಭಾಗ್ಯ

ಕಸದಲ್ಲಿ ಕಾಗದ ಉಳಿಯುವುದೆಂದರೆ ನಮ್ಮ ಮಳೆಗಾಲವನ್ನು ಬಲ್ಲವರಿಗೆ ಅಚ್ಚರಿಯಾಗುತ್ತದೆ. ಆದರೆ ಅದು ಈಗಿನ ಕಾಗದವಲ್ಲ. ನೈಲಿನ ಜೌಗಿನಲ್ಲಿ ಬೆಳೆಯುವ ಪಪೈರಸ್ ಎಂಬ ಜೊಂಡಿನ ಕಾಂಡವನ್ನು ಸೀಳಿ, ಒಳತಿರುಳಿನ ಪಟ್ಟಿಗಳನ್ನು ಒಂದರ ಪಕ್ಕದಲ್ಲೊಂದು ಹಾಸಿ, ಅವುಗಳ ಮೇಲೆ ಅಡ್ಡವಾಗಿ ಇನ್ನೊಂದು ಹಾಸು ಹಾಸಿ, ಒತ್ತಿ ಒಣಗಿಸಿ ಮಾಡಿದ ಹಾಳೆ. ಮಸಿ ದೀಪದ ಕಾಡಿಗೆಯಂಥ ಕರಿಯಿಂದ ಮಾಡಿದುದು, ಬಣ್ಣ ಮಾಸುವುದಿಲ್ಲ. ಇದಕ್ಕೆ ಶತ್ರು ಒಂದೇ, ನೀರು. ನೈಲಿನ ಮುಖಜ ಭೂಮಿಯಲ್ಲಿರುವ ಅಲೆಕ್ಸಾಂಡ್ರಿಯಾದ ಮಹಾಗ್ರಂಥಾಲಯದ ಒಂದು ಸುರುಳಿಯೂ ನಮಗೆ ಸಿಕ್ಕಿಲ್ಲ. ಅಲ್ಲಿಯ ನೆಲ ತೇವ. ಬಹ್ನಸಾದಲ್ಲಿ ಮಳೆ ಬರುವುದೇ ಇಲ್ಲವೆನ್ನಬಹುದು. ತಿಪ್ಪೆಗಳು ಮರಳುಗಾಡಿನ ಅಂಚಿನ ಎತ್ತರದಲ್ಲಿದ್ದುದರಿಂದ ನೈಲಿನ ವಾರ್ಷಿಕ ಪ್ರವಾಹವೂ ಅವುಗಳನ್ನು ಮುಟ್ಟಲಿಲ್ಲ. ಗಾಳಿ ತಂದ ಮರಳು ಮೇಲೆ ಹೊದಿಸಿತು. ಹೀಗೆ ಜನ ಜೋಪಾನವಾಗಿಟ್ಟದ್ದು ಹಾಳಾಯಿತು. ಬೇಡವೆಂದು ಎಸೆದದ್ದು ಉಳಿಯಿತು. ತಿಪ್ಪೆಗೂ ಒಂದು ಕಾಲ ಬರುತ್ತದೆಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಆ ಕಾಲ ಬಂದುದು ೧೮೯೬ರ ಡಿಸೆಂಬರಿನಲ್ಲಿ. ಆಕ್ಸ್‌ಫರ್ಡಿನ ಕ್ವೀನ್ಸ್ ಕಾಲೇಜಿನ ಇಬ್ಬರು ತರುಣ ವಿದ್ವಾಂಸರು ಇಲ್ಲಿಗೆ ಬಂದು ಡೇರೆ ಹೂಡಿದರು. ಒಬ್ಬರು ಬರ್ನಾರ್ಡ್ ಗ್ರೆನ್‌ಫೆಲ್, ಇಪ್ಪತ್ತೇಳು ವರುಷ. ಇನ್ನೊಬ್ಬರು ಆರ್ಥರ್ ಹಂಟ್, ಇಪ್ಪತ್ತೈದು. ಇವರನ್ನು ಕಳಿಸಿದ್ದು ಇಂಗ್ಲೆಂಡಿನ ಈಜಿಪ್ಟ್ ಸಂಶೋಧನ ನಿಧಿ. ಆವರೆಗೆ ಈಜಿಪ್ಟಿನಲ್ಲಿ ಅಗೆಯುತ್ತಿದ್ದವರಿಗೆ ಬೇಕಾದದ್ದು ವಿಗ್ರಹ, ಶಾಸನ, ಶವಪೆಟ್ಟಿಗೆ. ಇವರು ಹುಡುಕಿಕೊಂಡು ಬಂದುದು ಬರೆಹ. ಕ್ರೈಸ್ತಧರ್ಮ ಬೇಗನೆ ಬೇರೂರಿದ ಪಟ್ಟಣ. ಆದುದರಿಂದ ನಾಲ್ಕನೆಯ ಶತಮಾನಕ್ಕೂ ಹಿಂದಿನ ಕ್ರೈಸ್ತ ಗ್ರಂಥಗಳ ತುಣುಕೇನಾದರೂ ಸಿಕ್ಕೀತೆಂಬುದು ಅವರ ಆಸೆ. ಅಂದು ವಿದ್ವತ್ಪ್ರಪಂಚ ಬಲ್ಲ ಹೊಸ ಒಡಂಬಡಿಕೆಯ ಅತ್ಯಂತ ಹಳೆಯ ಪ್ರತಿಗಳೆಂದರೆ ವ್ಯಾಟಿಕನ್ನಿನಲ್ಲಿರುವುದೂ, ಸಿನಾಯ್ ಬೆಟ್ಟದ ಮಠದಲ್ಲಿ ದೊರೆತುದೂ. ಅವೆರಡೂ ನಾಲ್ಕನೆಯ ಶತಮಾನದವು. ಅದಕ್ಕೆ ಹಿಂದಿನದೆಲ್ಲ ಕತ್ತಲೆ.

ಮೊದಲು ಮೂರು ವಾರ ಸ್ಮಶಾನವನ್ನು ಅಗೆದರು, ಫಲ ಸಿಗಲಿಲ್ಲ. ೧೮೯೭ರ ಜನವರಿ ೧೧ರಂದು ಸೂರ್ಯೋದಯಕ್ಕೆ ಸುಮಾರು ೭೦ ಮಂದಿ ಆಳುಗಳನ್ನೂ ಹುಡುಗರನ್ನೂ ಕರೆದುಕೊಂಡು ತಿಪ್ಪೆಯ ದಿಬ್ಬಕ್ಕೆ ಹೊರಟರು. ಗುದ್ದಲಿ ಬಿದ್ದಲ್ಲೆಲ್ಲ ಪಪೈರಸ್ಸಿನ ಚೂರುಗಳು ಏಳತೊಡಗಿದುವು. ಮಣ್ಣಿನಲ್ಲಿ ಹುಲ್ಲುಕಡ್ಡಿಗಳು ಬೆರೆತ ಪದರಕ್ಕೆ ಆಳುಗಳು ‘ಅಫ್ಷ್’ ಎನ್ನುತ್ತಿದ್ದರು; ಆ ಪದರ ಬಂದಿತೆಂದರೆ ಬರೆಹವೂ ಬರುವುದೆಂದು ಅವರಿಗೆ ಗೊತ್ತಾಗಿಹೋಯಿತು. ಸಿಕ್ಕ ತುಣುಕಿಗೆ ಬಕ್ಷೀಸು ಬೇರೆ. ಧೂಳು ಕಣ್ಣು ಮೂಗುಗಳನ್ನು ತುಂಬುತ್ತಿತ್ತು. ಒಂದು ದಿನವಂತೂ ಹಳೆಯ ಕಚೇರಿಯೊಂದರ ಕಡತಗಳು ರಾಶಿರಾಶಿಯಾಗಿ ಹೊರಬಂದು, ಸಾಗಿಸಲು ಬುಟ್ಟಿಗಳೇ ಸಾಲದಾದುವು. ಆ ಸಂಜೆಗೆ ಎಣಿಸಿದಾಗ ದೊಡ್ಡ ಬುಟ್ಟಿಗಳು ೩೬! ಆಳುಗಳ ಸಂಖ್ಯೆಯನ್ನು ೧೧೦ಕ್ಕೆ ಏರಿಸಬೇಕಾಯಿತು. ಇಂಗ್ಲೆಂಡಿನಿಂದ ಬಂದ ಬಿಸ್ಕತ್ತಿನ ತಗಡಿನ ಡಬ್ಬಗಳು ಖಾಲಿಯಾದಂತೆಲ್ಲ ಪಪೈರಸ್ಸಿನಿಂದ ತುಂಬಿದುವು.

ಯೋಸೇಫನ ಕನಸು

ಎರಡನೆಯ ದಿನ ಸಿಕ್ಕ ಚೂರುಗಳನ್ನು ವಾರದ ಕೊನೆಯಲ್ಲಿ ಹಂಟರು ವಿಂಗಡಿಸುತ್ತಿದ್ದಾಗ, ಎರಡೂ ಮಗ್ಗುಲಲ್ಲಿ ಬರೆದ ಮುದುಡಿದ ಹಾಳೆಯೊಂದರ ಮೇಲೆ ಒಂದು ಗ್ರೀಕ್ ಪದ ಕಣ್ಣಿಗೆ ಬಿದ್ದಿತು: ‘ಕಾರ್ಫೋಸ್’, ಎಂದರೆ ರವೆ. ಕಣ್ಣಿನೊಳಗಿನ ರವೆಯನ್ನು ಕುರಿತ ಯೇಸುವಿನ ಉಪದೇಶ ಅವರ ನೆನಪಿಗೆ ಬಂದಿತು. ಹಾಳೆಯನ್ನು ಬಿಡಿಸಿದಾಗ ಅದರಲ್ಲಿ ಯೇಸುವಿನ ವಚನಗಳ ಸಾಲು ಇತ್ತು. ಕೆಲವು ಬೈಬಲ್ಲಿನಲ್ಲಿ ಇರುವುವು, ಕೆಲವು ಎಲ್ಲಿಯೂ ಇಲ್ಲದುವು. ಅದು ಯಾವ ಗ್ರಂಥದ ಹಾಳೆಯೆಂದು ತಿಳಿಯಲು ಜಗತ್ತು ಅರ್ಧ ಶತಮಾನ ಕಾಯಬೇಕಾಯಿತು. ೧೯೪೫ರಲ್ಲಿ ಈಜಿಪ್ಟಿನಲ್ಲಿಯೇ ನಾಗ್ ಹಮ್ಮಾದಿಯ ಬಳಿ ದೊರೆತ ಕಾಪ್ಟಿಕ್ ಭಾಷೆಯ ಗ್ರಂಥಗಳಿಂದ, ಅದು ತೋಮನ ಹೆಸರಿನ ಸುವಾರ್ತೆಯದೆಂದು ಸ್ಪಷ್ಟವಾಯಿತು.

ಮರುದಿನವೇ ಹಂಟರು ಇನ್ನೊಂದು ಹಾಳೆಯನ್ನು ಗುರುತಿಸಿದರು. ಅದು ಮತ್ತಾಯನ ಸುವಾರ್ತೆಯ ಮೊದಲನೆಯ ಅಧ್ಯಾಯ. ಅಕ್ಷರದ ಮಾಟದಿಂದ ಮೂರನೆಯ ಶತಮಾನದ್ದೆಂದು ನಿರ್ಣಯವಾಯಿತು. ಎಂದರೆ ವ್ಯಾಟಿಕನ್ ಮತ್ತು ಸಿನಾಯ್ ಪ್ರತಿಗಳಿಗಿಂತ ಸುಮಾರು ಒಂದು ಶತಮಾನ ಹಿರಿಯದು. ಹೊಸ ಒಡಂಬಡಿಕೆಯ ಅದುವರೆಗೆ ಕಂಡ ಎಲ್ಲ ಪ್ರತಿಗಳಲ್ಲಿ ಅತ್ಯಂತ ಪ್ರಾಚೀನವಾದುದು. ಮುಂದೆ ಹೊಸ ಒಡಂಬಡಿಕೆಯ ಪಪೈರಸ್ ತುಣುಕುಗಳ ಪಟ್ಟಿ ಮಾಡಿದಾಗ ಇದಕ್ಕೇ ಒಂದನೆಯ ಸಂಖ್ಯೆ ದೊರೆಯಿತು. ಮಣ್ಣಿನಿಂದ ಅದನ್ನು ಎತ್ತಿದ ಕೈ ಬಹ್ನಸಾದ ಕೂಲಿಯವನದು. ಗುರುತಿಸಿದ ಕಣ್ಣು ಆಕ್ಸ್‌ಫರ್ಡಿನ ಪಂಡಿತರದು.

ಹಾಳೆ ನೋಡಲು ಸಾಧಾರಣ. ಚಿನ್ನದ ರೇಖೆಯಿಲ್ಲ, ಚಿತ್ರವಿಲ್ಲ. ಪುಟಕ್ಕೆ ಒಂದೇ ಅಂಕಣ. ಪದಗಳ ನಡುವೆ ತೆರಪಿಲ್ಲದೆ ಅಕ್ಷರಗಳು ಒಂದಕ್ಕೊಂದು ತಾಗಿಕೊಂಡೇ ಸಾಗುತ್ತವೆ. ಯೇಸು, ಕ್ರಿಸ್ತ, ಕರ್ತ, ಆತ್ಮ ಎಂಬ ಪವಿತ್ರ ಪದಗಳನ್ನು ಮಾತ್ರ ಪೂರ್ತಿ ಬರೆಯದೆ, ಎರಡು ಮೂರು ಅಕ್ಷರಗಳಿಗೆ ಇಳಿಸಿ, ಮೇಲೆ ಒಂದು ಗೆರೆ ಎಳೆದಿದೆ. ಭಕ್ತಿಯ ಗುರುತು ಅಷ್ಟೇ. ಇನ್ನೊಂದು ವಿಶೇಷ, ಅದು ಸುರುಳಿಯ ತುಂಡಲ್ಲ, ಎರಡೂ ಮಗ್ಗುಲಲ್ಲಿ ಬರೆದು ಮಡಿಸಿ ಹೊಲಿದ ಪುಸ್ತಕದ ಹಾಳೆ. ಗ್ರೀಕ್ ಕಾವ್ಯಗಳನ್ನು ಜನ ಇನ್ನೂ ಸುರುಳಿಗಳಲ್ಲಿ ಓದುತ್ತಿದ್ದ ಕಾಲದಲ್ಲಿ ಕ್ರೈಸ್ತರು ಪುಸ್ತಕದ ರೂಪವನ್ನು ಹಿಡಿದಿದ್ದರೆಂಬುದಕ್ಕೆ ಈ ತಿಪ್ಪೆಗಳೇ ದೊಡ್ಡ ಸಾಕ್ಷಿ.

ಹಾಳೆಯಲ್ಲಿರುವುದು ವಂಶಾವಳಿ: ಅಬ್ರಹಾಮನಿಂದ ದಾವೀದ, ದಾವೀದನಿಂದ ಯೋಸೇಫ. ನಡುವೆ ಕೆಲವು ಹೆಸರುಗಳು ಹರಿದುಹೋಗಿವೆ. ಬಳಿಕ, ಮದುವೆಗೆ ಮೊದಲೇ ಗರ್ಭಿಣಿಯಾದ ಮರಿಯಳನ್ನು ಗುಟ್ಟಾಗಿ ಬಿಟ್ಟುಬಿಡಬೇಕೆಂದು ಯೋಸೇಫ ಯೋಚಿಸುತ್ತಾನೆ. ಕನಸಿನಲ್ಲಿ ದೇವದೂತ ಬಂದು ಅಂಜಬೇಡವೆನ್ನುತ್ತಾನೆ. ಕನಸು ಮುಗಿಯುವ ಮೊದಲೇ ಹಾಳೆ ಮುಗಿದುಹೋಗುತ್ತದೆ.

ಪೂಜ್ಯವಾದ ಗ್ರಂಥ ತಿಪ್ಪೆಗೆ ಬಂದುದು ಹೇಗೆ? ಓದಿ ಓದಿ ಸವೆದ ಪ್ರತಿಯ ಸ್ಥಾನಕ್ಕೆ ಹೊಸ ಪ್ರತಿ ಬಂದಿರಬಹುದು. ಮನೆಯ ಹಿರಿಯರು ತೀರಿಕೊಂಡ ಮೇಲೆ ಹಳೆಯ ಕಡತಗಳೊಂದಿಗೆ ಇದೂ ಹೊರಗೆ ಬಿದ್ದಿರಬಹುದು. ಅದೇನೇ ಇರಲಿ, ದಿಬ್ಬದಲ್ಲಿ ಅದರ ನೆರೆಹೊರೆಯನ್ನು ನೋಡಿದರೆ ಆ ಪುಸ್ತಕ ಎಂಥ ಜನರ ನಡುವೆ ಬಾಳಿತೆಂಬುದು ತಿಳಿಯುತ್ತದೆ. ತೆರಿಗೆಯ ರಸೀದಿ, ಸಾಲದ ಪತ್ರ, ಮದುವೆಯ ಕರೆಯೋಲೆ, ಜ್ಯೋತಿಷ್ಯದ ಲೆಕ್ಕ. ತನ್ನನ್ನು ಬಿಟ್ಟು ಅಲೆಕ್ಸಾಂಡ್ರಿಯಾಕ್ಕೆ ಹೋದ ತಂದೆಯ ಮೇಲೆ ಮುನಿದು, ಕರೆದುಕೊಂಡು ಹೋಗದಿದ್ದರೆ ಅನ್ನ ನೀರು ಬಿಡುವೆನೆಂದು ತಪ್ಪುತಪ್ಪಾಗಿ ಬರೆದ ಥಿಯೋನ್ ಎಂಬ ಪುಟ್ಟ ಹುಡುಗನ ಓಲೆ. ಕ್ರಿ. ಪೂ. ೧ನೆಯ ವರುಷ ಹಿಲಾರಿಯೋನ್ ಎಂಬಾತ ಅಲೆಕ್ಸಾಂಡ್ರಿಯಾದಿಂದ ಬಸುರಿ ಹೆಂಡತಿಗೆ ಬರೆದ ಪತ್ರವೂ ಇಲ್ಲಿಯದೇ. ಅದರಲ್ಲಿ ಆತ ಅವಳನ್ನು ಪ್ರೀತಿಯಿಂದ ಸಂತೈಸುತ್ತಾನೆ. ಅದೇ ಉಸಿರಿನಲ್ಲಿ, ಗಂಡಾದರೆ ಇರಲಿ, ಹೆಣ್ಣಾದರೆ ಹೊರಗೆ ಹಾಕು ಎಂಬ ಅರ್ಥದ ಮಾತನ್ನೂ ಬರೆಯುತ್ತಾನೆ. ಅದನ್ನು ಓದಿದ ಮೇಲೆ, ಕೈಬಿಡಬೇಕೆಂದಿದ್ದ ತಾಯಿಯನ್ನೂ ಹುಟ್ಟಲಿರುವ ಶಿಶುವನ್ನೂ ಕೈಹಿಡಿಯೆಂದು ಹೇಳಿದ ಕನಸಿನ ಹಾಳೆಯ ಬೆಲೆ ಬೇರೆ ಯಾವ ವ್ಯಾಖ್ಯಾನವೂ ಇಲ್ಲದೆ ಮನಸ್ಸಿಗೆ ಹೊಳೆಯುತ್ತದೆ.

ಕನ್ನಡಿಗರಿಗೂ ಈ ದಿಬ್ಬಗಳಲ್ಲಿ ಒಂದು ಪಾಲಿದೆ. ಭಾರತದ ಕಡಲ ತೀರದಲ್ಲಿ ಸೆರೆಸಿಕ್ಕ ಖಾರಿಟಿಯೋನ್ ಎಂಬ ಗ್ರೀಕ್ ಹೆಣ್ಣನ್ನು ಅವಳ ಅಣ್ಣ ಬಿಡಿಸಿಕೊಂಡು ಹೋಗುವ ಪ್ರಹಸನವೊಂದು ಇಲ್ಲಿಯೇ ದೊರೆತು ೧೯೦೩ರಲ್ಲಿ ಅಚ್ಚಾಯಿತು. ಅದರಲ್ಲಿ ಭಾರತದ ದೊರೆಯೂ ಪರಿವಾರವೂ ಆಡುವ ಮಾತು ಗ್ರೀಕ್ ಅಲ್ಲ. ಅದು ಕನ್ನಡವಿರಬೇಕೆಂದು ೧೯೦೪ರಲ್ಲಿ ಶಾಸನತಜ್ಞ ಹುಲ್ಟ್ಷ್ ಸೂಚಿಸಿದರು. ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಅದನ್ನು ವಿಸ್ತರಿಸಿ ವಾದಿಸಿದರು. ಒಪ್ಪದವರೂ ಇದ್ದಾರೆ, ತುಳುವೆಂದವರಿದ್ದಾರೆ, ಬರಿಯ ನಗೆಯಾಟದ ಶಬ್ದವೆಂದವರೂ ಇದ್ದಾರೆ. ಹಲ್ಮಿಡಿಯ ಶಾಸನಕ್ಕೂ ಹಿಂದಿನ ಕನ್ನಡ ನುಡಿಯ ಪ್ರಶ್ನೆ ಮತ್ತಾಯನ ಸುವಾರ್ತೆಯೊಡನೆ ಒಂದೇ ಊರಿನ ತಿಪ್ಪೆಯಲ್ಲಿ ಮಲಗಿತ್ತೆಂಬುದು ಸಾಮಾನ್ಯ ಸಂಗತಿಯಲ್ಲ.

ಊರು ಬಿಟ್ಟ ಹಾಳೆಗಳು

ಗ್ರೆನ್‌ಫೆಲ್ಲರೂ ಹಂಟರೂ ೧೯೦೩ರಿಂದ ೧೯೦೭ರವರೆಗೆ ಮತ್ತೆ ಐದು ಚಳಿಗಾಲ ಇಲ್ಲಿ ಅಗೆಸಿದರು. ಒಟ್ಟು ಸುಮಾರು ಐದು ಲಕ್ಷ ತುಣುಕುಗಳು ಆಕ್ಸ್‌ಫರ್ಡನ್ನು ಸೇರಿದುವು. ೧೮೯೮ರಲ್ಲಿ ಆರಂಭವಾದ ಪ್ರಕಟಣೆಯ ಮಾಲೆ ೮೦ ಸಂಪುಟಗಳನ್ನು ದಾಟಿದೆ. ಇನ್ನೂ ಬಹುಭಾಗ ಓದಿಲ್ಲ. ಹಣ ಕೊಟ್ಟ ವಿದ್ಯಾಸಂಸ್ಥೆಗಳಿಗೆ ಹಾಳೆಗಳನ್ನು ಹಂಚುವ ಪದ್ಧತಿಯಿತ್ತು. ಹಾಗೆ ಯೋಸೇಫನ ಕನಸಿನ ಹಾಳೆ ಅಟ್ಲಾಂಟಿಕ್ ಸಮುದ್ರವನ್ನು ದಾಟಿ, ಫಿಲಡೆಲ್ಫಿಯಾದಲ್ಲಿರುವ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯವನ್ನು ಸೇರಿತು. ಎಷ್ಟು ದೂರ ಹೋದರೂ ಅದರ ಹುಟ್ಟೂರು ಯಾವುದು, ಅಗೆದವರು ಯಾರು, ಯಾವ ಚಳಿಗಾಲ ಎಂಬುದು ಬರೆದಿದೆ. ಆದುದರಿಂದ ಅದರ ಸಾಕ್ಷ್ಯಕ್ಕೆ ಬಲವಿದೆ.

ಈ ಬಲ ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಜಾನ್ ರೈಲಂಡ್ಸ್ ಗ್ರಂಥಾಲಯದಲ್ಲಿ ಉದಾಹರಣೆಯಿದೆ. ಅಂಗೈಯಲ್ಲಿ ಅಡಗುವ, ಸುಮಾರು ೯ ಸೆಂಟಿಮೀಟರ್ ಉದ್ದ ೬ ಸೆಂಟಿಮೀಟರ್ ಅಗಲದ ಆ ತುಣುಕನ್ನು ೧೯೨೦ರಲ್ಲಿ ಗ್ರೆನ್‌ಫೆಲ್ಲರೇ ಈಜಿಪ್ಟಿನ ಪೇಟೆಯಲ್ಲಿ ಕೊಂಡರು, ಅಗೆದು ತೆಗೆದುದಲ್ಲ. ೧೯೩೪ರಲ್ಲಿ ಕಾಲಿನ್ ರಾಬರ್ಟ್ಸ್ ಅದನ್ನು ಯೋಹಾನನ ಸುವಾರ್ತೆಯದೆಂದು ಗುರುತಿಸಿ, ಎರಡನೆಯ ಶತಮಾನದ ಪೂರ್ವಾರ್ಧದ್ದೆಂದು ಅಳೆದರು. ಹೊಸ ಒಡಂಬಡಿಕೆಯ ಅತ್ಯಂತ ಹಳೆಯ ತುಣುಕೆಂಬ ಕೀರ್ತಿ ಅದಕ್ಕೆ ಬಂದಿತು. ಆದರೆ ಇಂದಿನ ವಿದ್ವಾಂಸರಲ್ಲಿ ಕೆಲವರು, ಬರಿಯ ಅಕ್ಷರದ ಮಾಟವನ್ನು ನಂಬಿ ಅಷ್ಟು ಖಚಿತವಾಗಿ ಹೇಳಲಾಗದು, ಆ ಶತಮಾನದ ಕೊನೆಯದೋ ಮುಂದಿನದೋ ಆಗಿರಬಹುದು ಎನ್ನುತ್ತಾರೆ. ಯಾವ ದಿಬ್ಬದಲ್ಲಿ, ಯಾವ ಪದರದಲ್ಲಿ, ಯಾವ ರಸೀದಿಯ ಪಕ್ಕದಲ್ಲಿ ಅದು ಮಲಗಿತ್ತೆಂದು ತಿಳಿದಿದ್ದರೆ ವಾದಕ್ಕೆ ಆಧಾರವಿರುತ್ತಿತ್ತು. ಆ ತುಣುಕಿನಲ್ಲಿರುವುದು ಯೇಸುವನ್ನು ಪಿಲಾತನು ವಿಚಾರಿಸುವ ಪ್ರಸಂಗ. ಸತ್ಯವೆಂಬುದು ಏನೆಂದು ಪಿಲಾತನು ಕೇಳುವ ಸಾಲು ಅಲ್ಲಿ ಬರಬೇಕು. ಆತನು ಕೇಳಿದನೆಂಬ ಮಾತಿನ ಆರಂಭ ಉಳಿದಿದೆ, ಕೇಳಿ ಹೊರಟನೆಂಬ ಮಾತಿನ ಆರಂಭವೂ ಉಳಿದಿದೆ. ಪ್ರಶ್ನೆ ಇದ್ದ ಭಾಗವೇ ಹರಿದುಹೋಗಿದೆ.

ಇದಕ್ಕಿಂತ ನೋವಿನ ಸಂಗತಿ ನಮ್ಮ ಕಾಲದ್ದು. ಮಾರ್ಕನ ಸುವಾರ್ತೆಯ ಒಂದನೆಯ ಶತಮಾನದ ತುಣುಕೊಂದು ಸಿಕ್ಕಿದೆಯೆಂದು ೨೦೧೨ರಲ್ಲಿ ಅಮೆರಿಕದ ಸಭೆಯೊಂದರಲ್ಲಿ ಸಾರಿದರು. ಅಷ್ಟು ಹಳೆಯದೆಂದರೆ ಸುವಾರ್ತೆಯನ್ನು ಬರೆದ ತಲೆಮಾರಿಗೇ ಕೈತಾಗಿದಂತೆ! ಆರು ವರುಷ ಗಾಳಿಮಾತು ಹಬ್ಬಿತು. ೨೦೧೮ರಲ್ಲಿ ತುಣುಕು ಅಚ್ಚಿನಲ್ಲಿ ಬಂದಾಗ ನೋಡಿದರೆ, ಅದು ಹೊಸದಾಗಿ ಸಿಕ್ಕಿದುದಲ್ಲ; ಇದೇ ಬಹ್ನಸಾದ ದಿಬ್ಬದಿಂದ ಹೋಗಿ ಆಕ್ಸ್‌ಫರ್ಡಿನಲ್ಲಿ ನೂರಕ್ಕೂ ಹೆಚ್ಚು ವರುಷಗಳಿಂದ ಇದ್ದುದು. ಕಾಲವೂ ಒಂದನೆಯ ಶತಮಾನವಲ್ಲ, ಎರಡನೆಯದರ ಕೊನೆ ಅಥವಾ ಮೂರನೆಯದರ ಆದಿ. ಹಾಗಾದರೆ ಅದು ಮಾರಾಟದ ಮಾತಿಗೆ ಬಂದುದು ಹೇಗೆ? ಸಂಗ್ರಹದ ಒಡೆತನವುಳ್ಳ ಸಂಘ ತನಿಖೆಗೆ ತೊಡಗಿತು. ೨೦೧೯ರ ಅಕ್ಟೋಬರಿನಲ್ಲಿ, ತನ್ನ ಸಂಗ್ರಹದ ಹದಿಮೂರು ತುಣುಕುಗಳು ವಾಷಿಂಗ್ಟನ್ನಿನ ಬೈಬಲ್ ವಸ್ತುಸಂಗ್ರಹಾಲಯದಲ್ಲಿವೆಯೆಂದು ಪ್ರಕಟಿಸಿತು. ಆ ಸಂಗ್ರಹಾಲಯ ಅವುಗಳನ್ನು ಹಿಂದಿರುಗಿಸಲು ಒಪ್ಪಿತು. ಕಾಣೆಯಾದ ತುಣುಕುಗಳ ಲೆಕ್ಕ ಮುಂದೆ ಸುಮಾರು ೧೨೦ಕ್ಕೆ ಏರಿತು. ತುಣುಕಿನೊಂದಿಗೆ ಅದರ ವಿವರದ ಚೀಟಿಯೂ ಛಾಯಾಚಿತ್ರವೂ ಮಾಯವಾಗಿದ್ದುವು. ಬೇರೆಡೆ ಇಟ್ಟಿದ್ದ ಪ್ರತಿಗಳಿಂದ ಮಾತ್ರ ಕಳವು ಬೆಳಕಿಗೆ ಬಂದಿತು.

ಇಲ್ಲಿ ಕಳವಾದುದು ಹಾಳೆ ಮಾತ್ರವಲ್ಲ, ಹಾಳೆಯ ಊರು. ಚೀಟಿಯನ್ನು ಕಿತ್ತವನಿಗೆ ಆ ತುಣುಕು ಸಾವಿರಾರು ಡಾಲರುಗಳ ಸರಕು. ಚೀಟಿಯಿದ್ದರೆ ಮಾತ್ರ ಅದು ಮೀನನ್ನು ಪೂಜಿಸಿದ, ತೆರಿಗೆ ಕಟ್ಟಿದ, ಹೆಣ್ಣುಮಗುವನ್ನು ಹೊರಗೆ ಹಾಕೆಂದ, ಅದೇ ಬೀದಿಗಳಲ್ಲಿ ಸುವಾರ್ತೆಯನ್ನು ಕೈಬರೆಹದಲ್ಲಿ ನಕಲು ಮಾಡಿಕೊಂಡ ಒಂದು ಊರಿನ ಸಾಕ್ಷಿ. ಭಕ್ತರಿಗೂ ಇತಿಹಾಸಕಾರರಿಗೂ ಬೇಕಾದುದು ಈ ಎರಡನೆಯದು.

ಬಹ್ನಸಾದಲ್ಲಿ ಅಗೆತ ನಿಂತಿಲ್ಲ. ಬಾರ್ಸಿಲೋನಾ ವಿಶ್ವವಿದ್ಯಾಲಯದ ತಂಡ ೧೯೯೨ರಿಂದ ಇಲ್ಲಿ ಕೆಲಸಮಾಡುತ್ತ ಬಂದಿದೆ. ಗೋರಿಗಳಲ್ಲಿ ಅವರಿಗೆ ಬಾಯಲ್ಲಿ ಚಿನ್ನದ ನಾಲಗೆಯಿಟ್ಟ ಮಮ್ಮಿಗಳು ದೊರೆತಿವೆ. ೨೦೨೪ರಲ್ಲಿ ಪ್ರಕಟವಾದ ಒಂದೇ ಶೋಧದಲ್ಲಿ ಅಂಥ ಹದಿಮೂರು ನಾಲಗೆಗಳು. ಸತ್ತವರು ಪರಲೋಕದಲ್ಲಿ ಒಸಿರಿಸ್ ದೇವನ ಮುಂದೆ ಮಾತನಾಡಲೆಂದು ಇಟ್ಟುವು. ಅವು ನಮ್ಮೊಡನೆ ಮಾತನಾಡುವುದಿಲ್ಲ. ಚಿನ್ನದ ನಾಲಗೆ ಕೊಳ್ಳಲಾರದವರು ಜೊಂಡಿನ ಹಾಳೆಯ ಮೇಲೆ ಬರೆದು ಎಸೆದ ಮಾತು ಮಾತ್ರ ಇಂದಿಗೂ ಕೇಳಿಸುತ್ತಿದೆ.

ಸಂಜೆಯಾಗುತ್ತಿದ್ದಂತೆ ಗೋರಿಗಳ ಗುಮ್ಮಟಗಳ ನೆರಳು ದಿಬ್ಬಗಳ ಕಡೆಗೆ ಚಾಚುತ್ತದೆ. ಹೊಲದಿಂದ ಮರಳುವ ರೈತರು ಕತ್ತೆಗಳನ್ನು ಅಟ್ಟಿಕೊಂಡು ಬಹರ್ ಯೂಸುಫಿನ ದಂಡೆಯಲ್ಲಿ ನಡೆಯುತ್ತಾರೆ. ಪಶ್ಚಿಮದಿಂದ ಬೀಸುವ ಗಾಳಿ ಗ್ರೆನ್‌ಫೆಲ್ಲರೂ ಹಂಟರೂ ತೋಡಿಸಿದ ಕಂದಕಗಳಿಗೆ ಹಿಡಿಹಿಡಿಯಾಗಿ ಮರಳನ್ನು ತಂದು ಸುರಿಯುತ್ತದೆ, ಮೊದಲೊಮ್ಮೆ ಹಾಳೆಗಳ ಮೇಲೆ ಸುರಿದಂತೆಯೇ.